ತೋರುಗೈ

ನಮ್ಮೂರಿನಲ್ಲಿ ಬಿರುಬೇಸಿಗೆಯಲ್ಲಿ ಯಾವಳಾದರೂ ತುಂಬುತೋಳಿನ ಬ್ಲೌಸ್ ಹೊಲಿಸಿದಳೆಂದರೆ ಊರಿನ ಬಾಯಲ್ಲಿ ಎರಡೇ ಮಾತು. ಒಂದೋ ಅವಳ ತೋಳಿನ ಮೇಲೆ ಯಾರದೋ ದದ್ದು ಎದ್ದಿದೆ, ಅದನ್ನು ಮುಚ್ಚಿಕೊಳ್ಳುತ್ತಿದ್ದಾಳೆ. ಇಲ್ಲವೇ ಏಳಬೇಕಾದ ದದ್ದು ಎದ್ದಿಲ್ಲ, ಅದನ್ನು ಮುಚ್ಚಿಕೊಳ್ಳುತ್ತಿದ್ದಾಳೆ. ಬ್ಲೌಸ್ ಹೊಲಿಯುವ ನನಗೆ ಎರಡೂ ಒಂದೇ. ಬಟ್ಟೆ ಸ್ವಲ್ಪ ಹೆಚ್ಚು ಬೇಕು, ಬಾಯಿ ಸ್ವಲ್ಪ ಬಿಗಿಯಾಗಿರಬೇಕು, ಅಷ್ಟೆ.

ಬೇರೆ ಊರುಗಳಲ್ಲಿ ಔಷಧಿ ಒಗ್ಗದಿದ್ದರೆ ಅದನ್ನು ನುಂಗಿದವರ ಮೈಮೇಲೇ ದದ್ದು ಏಳುತ್ತದಂತೆ. ನಮ್ಮಲ್ಲಿ ನುಂಗಿದವರ ಚರ್ಮ ನುಣ್ಣಗೇ ಇರುತ್ತದೆ. ಆ ಜೀವಕ್ಕಾಗಿ ಎಲ್ಲರಿಗಿಂತ ಹೆಚ್ಚು ಹಂಬಲಿಸುವವರು ಯಾರೋ ಅವರ ತೋಳಿನ ಮೇಲೆ ಕೆಂಪಗೆ, ದಪ್ಪದಪ್ಪಗೆ ಏಳುತ್ತದೆ. ಅಂಥವರನ್ನು ತೋರುಗೈ ಎನ್ನುತ್ತೇವೆ. ದದ್ದು ತೋರುಗೈಗೆ ಬಂದರೂ ಉಸಿರು ಕಟ್ಟುವುದು ಮಾತ್ರ ಔಷಧಿ ತೆಗೆದುಕೊಂಡವರಿಗೇ. ಅದಕ್ಕೇ ನಮ್ಮೂರಲ್ಲಿ ಯಾರೂ ಒಂಟಿಯಾಗಿ ಆಸ್ಪತ್ರೆಗೆ ಹೋಗುವುದಿಲ್ಲ. ಡಾಕ್ಟರು ಮೊದಲು ಒಂದು ತೊಟ್ಟು ಔಷಧಿ ಹಾಕಿ, ಪಕ್ಕದ ಬೆಂಚಿನ ಮೇಲೆ ಕುಳಿತವರ ತೋಳು ನೋಡಿ, ಅದು ಖಾಲಿಯಾಗಿದ್ದರೆ ಮಿಕ್ಕಿದ್ದನ್ನು ಹಾಕುತ್ತಾರೆ.

ಚಿಕ್ಕಂದಿನಲ್ಲಿ ಆ ಬೆಂಚು ತಾಯಿಯದು. ಮದುವೆಯಾದ ಮೇಲೆ ಗಂಡನದೋ ಹೆಂಡತಿಯದೋ. ಹೊಸದರಲ್ಲಿ ಎಲ್ಲರ ತೋಳೂ ಚೆನ್ನಾಗಿಯೇ ತೋರುತ್ತದೆ. ವರ್ಷ ಕಳೆದಂತೆ ಕೆಲವರದು ಮಂಕಾಗುತ್ತದೆ, ಆಗ ಶುರುವಾಗುತ್ತದೆ ನಾಟಕ. ಆಸ್ಪತ್ರೆಗೆ ಹೊರಡುವ ಮುಂಚೆ ಹಿತ್ತಲಿಗೆ ಹೋಗಿ ಮುಟ್ಟಿದರೆ ದದ್ದೇಳುವ ತುರುಚೆ ಸೊಪ್ಪು ಉಜ್ಜಿಕೊಂಡು ಬರುವ ಹೆಂಗಸರನ್ನು ನಾನೇ ಕಂಡಿದ್ದೇನೆ. ನನ್ನ ಪಕ್ಕದ ಮನೆಯ ಚಿಕ್ಕತಾಯಮ್ಮ ಅದರಲ್ಲಿ ಎತ್ತಿದ ಕೈ. ಅವಳ ಪ್ರೀತಿಯ ಪ್ರದರ್ಶನದ ದೆಸೆಯಿಂದ ಅವಳ ಗಂಡನಿಗೆ ಊರಿನ ಒಳ್ಳೊಳ್ಳೆಯ ಔಷಧಿಗಳೆಲ್ಲ ‘ಆಗುವುದಿಲ್ಲ’ ಎಂದಾಗಿಬಿಟ್ಟಿವೆ. ಪಾಪ, ಅವನಿಗೆ ನ್ಯುಮೋನಿಯಾ ಬಂದರೂ ಶುಂಠಿ ಕಷಾಯವೇ ಗತಿ.

ನಾನು ಮಾತ್ರ ಸೊಪ್ಪಿನ ತಂಟೆಗೆ ಹೋದವಳಲ್ಲ. ನಮ್ಮ ಯಜಮಾನರು ಶಂಭುಲಿಂಗಪ್ಪ, ಹಿಟ್ಟಿನ ಗಿರಣಿ ಇಟ್ಟವರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರ ಜ್ವರ, ಹಲ್ಲುನೋವು ಎಲ್ಲಕ್ಕೂ ಬೆಂಚಿನ ಮೇಲೆ ಕುಳಿತವಳು ನಾನು. ಒಂದು ಸಲವೂ ನನ್ನ ತೋಳಿನ ಮೇಲೆ ಸಾಸಿವೆಯಷ್ಟು ಗುಳ್ಳೆ ಎದ್ದಿರಲಿಲ್ಲ. ಅವರಿಗೆ ಕಲ್ಲು ತಿನ್ನಿಸಿದರೂ ಅರಗುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಅದೊಂದು ಜಂಬ ನನಗೆ.

ಆ ಬೇಸಿಗೆಯಲ್ಲಿ ಗಿರಣಿಯ ಒಂದು ತುಕ್ಕು ಹಿಡಿದ ಕಬ್ಬಿಣದ ಚೂರು ಇವರ ಅಂಗಾಲಿಗೆ ಹೊಕ್ಕಿತು. ಅರಿಸಿನ ಮೆತ್ತಿಕೊಂಡು ಓಡಾಡಿದರು. ಕಾಲು ಕುಂಬಳಕಾಯಿಯಂತೆ ಊದಿಕೊಂಡ ಮೇಲೆ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರ್ ಇಂದುಧರ ಅವರು ಎರಡು ಸೂಜಿ ತೆಗೆದರು, ಒಂದು ಕೀವಿಗೆ, ಒಂದು ನೋವಿಗೆ. ತೊಟ್ಟು ಹಾಕಿ ನನ್ನ ತೋಳು ನೋಡಿದರು. ಎಂದಿನಂತೆ ಖಾಲಿ. ಎರಡನ್ನೂ ಚುಚ್ಚಿದರು.

ಇವರು ಮಂಚದಿಂದ ಇಳಿದು ಚಪ್ಪಲಿಗೆ ಕಾಲು ಹಾಕುತ್ತಿದ್ದರು. "ಕಾತಿ, ಗಂಟಲು ಯಾಕೋ..." ಎಂದವರು ಮಾತು ಮುಗಿಸಲಿಲ್ಲ. ತುಟಿ ದಪ್ಪಗಾಯಿತು, ಉಸಿರು ಸಿಳ್ಳೆ ಹಾಕಿತು, ನೋಡನೋಡುತ್ತಿದ್ದಂತೆ ನೆಲಕ್ಕೆ ಕುಸಿದರು. ಡಾಕ್ಟರು ಪಂಚೆ ಸರಿಸಿ ತೊಡೆಗೆ ಇನ್ನೊಂದು ಸೂಜಿ ಚುಚ್ಚಿ, ಕಾಲನ್ನು ಎತ್ತಿ ಹಿಡಿಯಲು ನನಗೆ ಹೇಳಿದರು. ನಾನು ಆ ಊದಿದ ಕಾಲನ್ನು ಎದೆಗವಚಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಉಸಿರು ದಾರಿಗೆ ಬಂತು. ಆಗ ಕೋಣೆಯಲ್ಲಿದ್ದವರೆಲ್ಲ ಇವರನ್ನು ಬಿಟ್ಟು ನನ್ನ ತೋಳು ನೋಡತೊಡಗಿದರು. ಅದು ಖಾಲಿಯಾಗಿತ್ತು.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಕಾತ್ಯಾಯಿನಮ್ಮ, ತಪ್ಪು ನಂದೇ. ಇಷ್ಟು ವರ್ಷ ನಾನು ಬೇರೆ ಯಾರದೋ ತೋಳು ನೋಡ್ಬೇಕಾಗಿತ್ತು. ಇವರ ತೋರುಗೈ ನೀವಲ್ಲ."

ಈ ಮಾತು ಕೇಳಿದ ಮೇಲೆ ಮನೆಗೆ ಹೇಗೆ ಬಂದೆನೋ ತಿಳಿಯದು. ನನ್ನ ಜಂಬವೆಲ್ಲ ಒಂದೇ ಏಟಿಗೆ ಇಳಿಯಿತು. ಎಲ್ಲ ಔಷಧಿಯೂ ಇವರಿಗೆ ಒಗ್ಗುತ್ತದೆ ಎಂದಲ್ಲ, ಒಗ್ಗದಿದ್ದರೂ ನನಗೆ ಗೊತ್ತಾಗುವಂತಿರಲಿಲ್ಲ. ಹಾಗಾದರೆ ಈ ಊರಿನಲ್ಲಿ ನನಗಿಂತ ಹೆಚ್ಚಾಗಿ ನನ್ನ ಗಂಡನಿಗೆ ಹಂಬಲಿಸುವವಳು ಯಾರು?

ಮರುದಿನ ಇವರು ಆಸ್ಪತ್ರೆಯ ಮಂಚದಲ್ಲಿ ಮಲಗಿದಲ್ಲಿಂದಲೇ ಡಾಕ್ಟರಿಗೆ ಪಾಠ ಹೇಳಿದರು. "ನಂಗೆ ಆಗ್ದೇ ಇರೋದು ಆ ಹಳದಿ ಮಾತ್ರೆ ಒಂದೇ ಡಾಕ್ಟ್ರೇ. ತಗೊಂಡ್ರೆ ಹೊಟ್ಟೆ ತೊಳಸುತ್ತೆ."

"ಅದು ಆಗ್ದೇ ಇರೋದಲ್ಲ ಶಂಭುಲಿಂಗಪ್ಪ" ಎಂದರು ಡಾಕ್ಟರು. "ಹೊಟ್ಟೆ ತೊಳಸೋದು, ತೂಕಡಿಕೆ ಬರೋದು ಆ ಮಾತ್ರೆ ಗುಣ. ಯಾರಿಗೆ ಬೇಕಾದ್ರೂ ಆಗ್ಬಹುದು. ಊಟ ಮಾಡಿ ತಗೊಂಡ್ರೆ ಕಮ್ಮಿಯಾಗುತ್ತೆ. ನಿನ್ನೆ ಆಗಿದ್ದು ಬೇರೆ. ಮೈಯೇ ಔಷಧೀನ ಶತ್ರು ಅಂದ್ಕೊಂಡು ಜಗಳಕ್ಕೆ ನಿಂತಿದ್ದು. ಅದು ಇನ್ನೊಂದು ಸಲ ಹೊಕ್ಕರೆ ನಿನ್ನೆಗಿಂತ ಜೋರಾಗಬಹುದು."

"ಹಂಗಾದ್ರೆ ಎರಡೂ ಸೂಜಿ ಬ್ಯಾಡ, ಬಿಡಿ."

"ಎರಡೂ ಬಿಟ್ರೆ ಕಾಲು ಬಿಡ್ಬೇಕಾಗುತ್ತೆ."

ಎರಡರಲ್ಲಿ ಯಾವುದು ಇವರ ಉಸಿರು ಕಟ್ಟಿಸಿತು ಎನ್ನುವುದು ಗೊತ್ತಿಲ್ಲ. ಅದು ಗೊತ್ತಾಗದೆ ಮುಂದಿನ ಸೂಜಿ ಹಾಕುವಂತಿಲ್ಲ, ಸೂಜಿ ಹಾಕದೆ ಕಾಲು ಉಳಿಯುವಂತಿಲ್ಲ. ಗೊತ್ತುಮಾಡಿಕೊಳ್ಳಲು ನಿಜವಾದ ತೋರುಗೈ ಬೇಕು.

"ಯಾರು ಅಂತ ನಿಮಗೆ ಗೊತ್ತಿದ್ಯಾ?" ಎಂದು ಇವರನ್ನು ಕೇಳಿದೆ.

"ನಂಗೆ ಹಂಬಲಿಸೋರು ಯಾರಿದಾರೆ ಮಾರಾಯ್ತಿ? ಹಿಟ್ಟು ಬೀಸೋನು ನಾನು" ಎಂದು ಗೋಡೆಯ ಕಡೆ ತಿರುಗಿದರು.

ಆಮೇಲಿನ ದಿನಗಳನ್ನು ನೆನೆದರೆ ನನಗೇ ನಗು ಬರುತ್ತದೆ. ಅಳತೆ ಕೊಡಲು ಬಂದ ಹೆಂಗಸರ ತೋಳುಗಳನ್ನೆಲ್ಲ ತಿರುವಿ ತಿರುವಿ ನೋಡಿದೆ. ರಾಗಿ ಬೀಸಿಸಲು ಹೆಚ್ಚಾಗಿ ಬರುವವಳು, ಇವರ ಜೊತೆ ನಕ್ಕು ಮಾತಾಡುವವಳು, ಒಂದು ಕಾಲದಲ್ಲಿ ಇವರಿಗೆ ಜಾತಕ ಬಂದಿದ್ದವಳು, ಯಾರನ್ನೂ ಬಿಡಲಿಲ್ಲ. ಸಿಕ್ಕರೆ ಅವಳ ಕೂದಲು ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತೇನೆ ಎಂದುಕೊಳ್ಳುತ್ತಿದ್ದೆ. ಮರುಗಳಿಗೆಯೇ, ಬರುವುದಿಲ್ಲ ಎಂದರೆ ಕಾಲು ಹಿಡಿದುಕೊಳ್ಳುತ್ತೇನೆ ಎನ್ನಿಸುತ್ತಿತ್ತು.

ಹೀಗಿರುವಾಗ ಚಿಕ್ಕತಾಯಮ್ಮ ಒಂದು ನೀಲಿ ಬಟ್ಟೆಯನ್ನೂ ಅಳತೆಗೆಂದು ಒಂದು ಹಳೆಯ ಬ್ಲೌಸನ್ನೂ ತಂದು ಮೇಜಿನ ಮೇಲಿಟ್ಟಳು. "ಕೈ ಪೂರ್ತಿ ಉದ್ದ ಇರ್ಲಿ ಕಾತ್ಯಾಯಿನಿ, ಮಣಿಕಟ್ಟಿನ ತನಕ."

"ಯಾರಿಗೆ?"

"ಯಾರಿಗೆ ಅಂದ್ರೇನು? ನಂಗೇ."

ಆ ಹಳೆಯ ಬ್ಲೌಸಿನಲ್ಲಿ ಚಿಕ್ಕತಾಯಮ್ಮನ ಒಂದು ತೋಳು ತೂರಿದರೆ ಪುಣ್ಯ. ನಗುತ್ತಲೇ ಅದನ್ನು ತಿರುವಿ ಒಳಹೊಲಿಗೆ ನೋಡಿದೆ. ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸಿ ಹೊಲಿಯುವುದು ಈ ಊರಿನಲ್ಲಿ ನಾನೊಬ್ಬಳೇ. ಬಣ್ಣ ಮಾಸಿದ ಆ ಹಸಿರು ಖಣವೂ ಗುರುತಿಗೆ ಸಿಕ್ಕಿತು. ಗೌರಿ ಹಬ್ಬಕ್ಕೆ ಇವರು ತಂಗಿಗೆ ಕೊಟ್ಟ ಕೊನೆಯ ಬಾಗಿನದ ಖಣ ಅದು. ನಾನೇ ಹೊಲಿದುಕೊಟ್ಟಿದ್ದೆ.

ಇವರ ತಂಗಿ ವಾರಿಜಾ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾಳೆ. ಅಣ್ಣ ತಂಗಿ ಮಾತು ಬಿಟ್ಟು ಎಷ್ಟೋ ವರ್ಷವಾಯಿತು. ನಮ್ಮ ಅತ್ತೆಗೆ ವಿಷಮಜ್ವರ ಬಂದಾಗ ವಾರಿಜಾ ಗಂಡನ ಕಡೆಯವರ ಮದುವೆಗೆಂದು ಬೇರೆ ಊರಿಗೆ ಹೋಗಿದ್ದಳು. ತಾಯಿಗೆ ತೋರುಗೈ ಅವಳೇ. ಹೇಳಿಕಳಿಸಿದೆವು, ಬಸ್ಸು ಹತ್ತಿದಳು. ಅವಳು ಬರುವವರೆಗೆ ಕಾಯೋಣ ಎಂದರು ಆಗಿದ್ದ ಡಾಕ್ಟರು. ತಾಯಿ ಬಡಬಡಿಸುವುದನ್ನು ನೋಡಲಾರದೆ ಇವರು ಸೂಜಿ ಹಾಕಿ ಎಂದರು. ಅತ್ತೆ ಹೋದರು. ಬಸ್ಸಿಳಿದು ಓಡಿಬಂದ ವಾರಿಜಾಳ ತೋಳು ಕೆಂಡದಂತಿತ್ತು. "ನನ್ನ ಕೈ ನೋಡ್ದೆ ಅಮ್ಮಂಗೆ ಸೂಜಿ ಹಾಕ್ಸಿದ್ಯಲ್ಲೋ" ಎಂದಳು. ಇವರು, "ಅದು ಬಸ್ಸಿನ ಸೆಕೆಗೆ ಎದ್ದಿದ್ದು" ಎಂದರು. ಮಾತಿಗೆ ಮಾತು ಬೆಳೆದು, ಇನ್ನು ನನ್ನ ಹೊಸ್ತಿಲು ತುಳಿಯಬೇಡ ಎಂದುಬಿಟ್ಟರು. ಅವಳು ತುಳಿಯಲಿಲ್ಲ.

ನಾನು ಕತ್ತರಿ ಕೆಳಗಿಟ್ಟು ಹಾಗೇ ಎದ್ದು ಹೋದೆ. ವಾರಿಜಾ ಮಹಡಿಯ ಮೇಲೆ ಸಂಡಿಗೆ ಇಡುತ್ತಿದ್ದಳು. ಆ ಬಿಸಿಲಿನಲ್ಲಿ ಗಂಡನ ಉದ್ದ ತೋಳಿನ ಅಂಗಿ ತೊಟ್ಟಿದ್ದಳು.

"ತೋಳು ತೋರ್ಸು ವಾರಿಜಾ."

"ಯಾಕತ್ತಿಗೆ, ಅಳತೆ ಬ್ಲೌಸು ಸರಿ ಇರ್ಲಿಲ್ವಾ?" ಎಂದಳು. ಹಾಗೆನ್ನುವಾಗಲೇ ಅವಳ ಕಣ್ಣು ತುಂಬಿತ್ತು. ಅಂಗಿಯ ಕೈ ಮೇಲಕ್ಕೆ ಸರಿಸಿದೆ. ದದ್ದು ಆರಿದ ಮೇಲೂ ಕೆರೆದ ಗಾಯಗಳು ಮೊಣಕೈವರೆಗೆ ಇದ್ದವು.

"ಅವತ್ತು ಹಿಟ್ಟು ಕಲಸ್ತಾ ಇದ್ದೆ, ತೋಳು ಉರಿಯಕ್ಕೆ ಶುರುವಾಯ್ತು. ಅಮ್ಮನ ಸಲ ಬಸ್ಸಲ್ಲಿ ಉರಿದ ಹಾಗೇ. ಗಿರಣಿ ಸದ್ದು ಬೇರೆ ಕೇಳಿಸ್ತಿರ್ಲಿಲ್ಲ. ಇಲ್ಲಿ ಕೂತ್ರೆ ಕೇಳಿಸುತ್ತೆ ಅತ್ತಿಗೆ, ಗಾಳಿ ಈ ಕಡೆ ಬಂದ್ರೆ ಬೆಲ್ಟಿನ ಸದ್ದೂ ಕೇಳಿಸುತ್ತೆ. ಆಸ್ಪತ್ರೆ ಗೇಟಿನ ತನಕ ಓಡಿ ಬಂದೆ. ಉಸಿರಾಡ್ತಿದಾರೆ ಅಂದ್ರು ಕಾಂಪೌಂಡರ್ರು. ವಾಪಸ್ ಬಂದೆ."

"ಒಳಗೆ ಬರ್ಬಾರ್ದಿತ್ತೇನೆ?"

"ಹೊಸ್ತಿಲು ತುಳೀಬೇಡ ಅಂದಿದಾನೆ."

"ಅದು ಮನೆ ಹೊಸ್ತಿಲು ಕಣೆ."

"ಅವನು ಇರೋ ಕಡೆ ಎಲ್ಲಾ ನಂಗೆ ಅದೇ ಹೊಸ್ತಿಲು."

ಮೊದಲು ನನಗೆ ಎದೆಯ ಭಾರ ಇಳಿದಂತಾಯಿತು. ಆಮೇಲೆ ನನ್ನ ಮೇಲೇ ಹೇಸಿಗೆಯಾಯಿತು, ಏನೆಲ್ಲ ಕಲ್ಪಿಸಿಕೊಂಡಿದ್ದೆ ಎಂದು. ಅದೂ ಇಳಿದ ಮೇಲೆ ಉಳಿದದ್ದು ಬರೀ ಹೊಟ್ಟೆಕಿಚ್ಚು. ದಿನಾ ಅನ್ನ ಬಡಿಸಿದವಳ ತೋಳು ಖಾಲಿ, ಮಹಡಿಯ ಮೇಲೆ ಕೂತು ಗಿರಣಿ ಸದ್ದು ಕೇಳಿದವಳ ತೋಳು ಗಾಯ. ಆದರೆ ಹೊಟ್ಟೆಕಿಚ್ಚಿನಿಂದ ಕಾಲು ವಾಸಿಯಾಗುವುದಿಲ್ಲ. ಸಂಡಿಗೆ ಹಿಟ್ಟಿನ ಕೈಯಲ್ಲೇ ಅವಳನ್ನು ಕರೆದುಕೊಂಡು ಹೊರಟೆ.

ಡಾಕ್ಟರು ಅವಳ ತೋಳು ನೋಡಿ, ಇವರ ಮಂಚಕ್ಕೂ ಬೆಂಚಿಗೂ ನಡುವೆ ಒಂದು ಹಸಿರು ಪರದೆ ಎಳೆಸಿದರು. ಅವಳನ್ನು ಕೂರಿಸಿ ಮೆಲ್ಲಗೆ ಹೇಳಿದರು: "ನೋಡಮ್ಮ, ಸೂಜಿ ಎಲ್ಲಾ ಮುಗಿಯೋ ತನಕ ಅಣ್ಣನ ಜೊತೆ ಮಾತಿಲ್ಲ. ಮುಖ ನೋಡಂಗಿಲ್ಲ, ಯಾರ ಕೈಲೂ ಏನೂ ಹೇಳಿ ಕಳಿಸಂಗಿಲ್ಲ. ರಾಜಿಯಾದ್ರೆ ಹಂಬಲ ತೀರುತ್ತೆ. ಹಂಬಲ ತೀರಿದ್ರೆ ನಿನ್ನ ತೋಳು ತೋರಲ್ಲ. ಆಮೇಲೆ ನಾನು ಕತ್ತಲಲ್ಲಿ ಔಷಧಿ ಹಾಕ್ದಂಗೆ."

"ಇಷ್ಟು ವರ್ಷ ಇದ್ದೀನಿ, ಇನ್ನೊಂದಿಷ್ಟು ದಿನ ಇರಲ್ವಾ" ಎಂದಳು ವಾರಿಜಾ.

ಮೊದಲು ಕೀವಿನ ಔಷಧಿಯ ತೊಟ್ಟು ಹಾಕಿದರು. ಊರೆಲ್ಲ ಬೈದದ್ದು ಅದನ್ನೇ, ನಾನೂ ಬೈದಿದ್ದೆ. ವಾರಿಜಾಳ ತೋಳು ಮಿಸುಕಲಿಲ್ಲ. ಮರುದಿನ, ಉಸಿರು ಕಟ್ಟಿದರೆ ಬೇಕಾದದ್ದನ್ನೆಲ್ಲ ಸಿದ್ಧವಾಗಿಟ್ಟುಕೊಂಡು, ನೋವಿನ ಔಷಧಿಯ ತೊಟ್ಟು, ಅದೂ ಸೂಜಿಮೊನೆಯಷ್ಟು. ನಾನು ಪರದೆಯ ಅಂಚಿನಲ್ಲಿ ನಿಂತಿದ್ದೆ. ವಾರಿಜಾ "ಅತ್ತಿಗೆ" ಎಂದಳು, ಅಷ್ಟೆ. ಅವಳ ಮುಂಗೈಯಿಂದ ಮೇಲಕ್ಕೆ ಕೆಂಪು ಹತ್ತಿಕೊಂಡು ಹೋಗುತ್ತಿತ್ತು. ಡಾಕ್ಟರು ಓಡಿಹೋಗಿ ಇವರ ಉಸಿರು ನೋಡಿದರು. ತೊಟ್ಟು ಸಣ್ಣದಾಗಿದ್ದರಿಂದ ಏನೂ ಆಗಲಿಲ್ಲ.

"ಕಳ್ಳ ಸಿಕ್ಕಿದ" ಎಂದರು ಡಾಕ್ಟರು. "ಕೀವಿನ ಔಷಧಿ ಇವರಿಗೆ ಒಗ್ಗುತ್ತೆ. ಸುಮ್ನೆ ಅದ್ರ ಮೇಲೆ ಅಪವಾದ ಹೊರಿಸಿ ಬಿಟ್ಟಿದ್ರೆ ಕಾಲು ಹೋಗ್ತಿತ್ತು. ಆಗ್ದೇ ಇರೋದು ಡೈಕ್ಲೋಫೆನಾಕ್. ಅದ್ರ ಬಳಗದ ಬೇರೆ ನೋವಿನ ಮಾತ್ರೆನೂ ನನ್ನ ಕೇಳ್ದೆ ಮುಟ್ಟಂಗಿಲ್ಲ. ತಲೆನೋವು ಅಂತ ಅಂಗಡೀಲಿ ಕೇಳಿದ್ರೆ ಅದನ್ನೇ ಕೊಟ್ಬಿಡ್ತಾರೆ, ಹುಷಾರು. ಎಲ್ಲಿ ಹೋದ್ರೂ ಮೊದ್ಲು ಈ ಹೆಸ್ರು ಹೇಳ್ಬೇಕು."

ಅಂದಿನಿಂದ ಕೀವಿನ ಸೂಜಿ ಶುರುವಾಯಿತು. ಕಾಲು ಕೊಯ್ದು ಕಬ್ಬಿಣದ ಚೂರು ತೆಗೆಯಬೇಕಾಗಿತ್ತು, ಅದಕ್ಕೆ ಬೇರೆ ಔಷಧಿಗಳು. ದಿನವೂ ವಾರಿಜಾ ಬಂದು ಪರದೆಯಾಚೆ ಕೂತು, ಎರಡೂ ತೋಳು ಮುಂದೆ ಚಾಚುತ್ತಿದ್ದಳು. ಇವರಿಗೆ ಯಾರೆಂದು ಹೇಳಿರಲಿಲ್ಲ. ಒಂದು ದಿನ ಫಿನಾಯಿಲ್ ವಾಸನೆಗೆ ಅವಳು ಮೇಲಿಂದ ಮೇಲೆ ಸೀನಿದಳು. ಇವರು ತಲೆ ಎತ್ತಿದರು. "ಕಾತಿ, ಆ ಸೀನು ನಮ್ಮನೇದು."

ಇವರು ಪರದೆಯನ್ನೇ ನೋಡುತ್ತ ಮಲಗಿದ್ದರು. ಡಾಕ್ಟರು ಬೆರಳು ತೋರಿಸಿ, "ಮಾತಿಲ್ಲ" ಎಂದರು. ಇವರು ಚಿಕ್ಕ ಹುಡುಗನಂತೆ ತಲೆಯಾಡಿಸಿದರು.

ಆಮೇಲಿನ ದಿನಗಳಲ್ಲಿ ಪರದೆಯ ಅಂಚಿನಲ್ಲಿ ನಿಂತು ಎರಡು ಕಡೆಯನ್ನೂ ನೋಡಿದವಳು ನಾನೊಬ್ಬಳೇ. ಈ ಕಡೆ ಇವರು ಬಳೆಯ ಸದ್ದಿಗೆ ಕಿವಿಗೊಟ್ಟು ಮಲಗಿರುತ್ತಿದ್ದರು. ಆ ಕಡೆ ಅವಳು ಇವರು ಕೆಮ್ಮಿದರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಇಬ್ಬರ ನಡುವೆ ಒಂದು ಮಾರು ಜಾಗವೂ ಇರಲಿಲ್ಲ. ಕೈ ಸುಮ್ಮನಿರಲಾರದೆ ಇವರ ಅಂಗಿಗಳನ್ನು ತಂದು ಅಲ್ಲೇ ಕೂತು ಹೊಲಿಯುತ್ತಿದ್ದೆ.

ಒಂದು ಮಧ್ಯಾಹ್ನ ಇವರು ಇದ್ದಕ್ಕಿದ್ದಂತೆ, ಬೇಕೆಂದೇ ಜೋರಾಗಿ, ನನ್ನೊಡನೆ ಮಾತಾಡಿದರು. "ಕಾತಿ, ಅಮ್ಮಂಗೆ ಸೂಜಿ ಹಾಕ್ಸಿದ್ನಲ್ಲ, ಅವತ್ತು ಬಸ್ಸು ಬೇಗ್ನೇ ಬಂತು ಅಲ್ವಾ? ಕಾಯ್ಬಹುದಿತ್ತು. ನಾನು ಕಾಯ್ಲಿಲ್ಲ. ಅದು ಬಸ್ಸಿನ ಸೆಕೆಗೆ ಎದ್ದಿದ್ದಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು."

ಪರದೆಯಾಚೆ ವಾರಿಜಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಡಾಕ್ಟರು ಸೂಜಿ ಹಿಡಿದುಕೊಂಡೇ ಗದರಿದರು, ನಾನೂ ಗದರಿದೆ. ಆ ಒಂದು ಮಾತಿಗೆ ಹಂಬಲ ತೀರಿಬಿಟ್ಟಿದ್ದರೆ ಏನು ಗತಿ ಎಂದು ಭಯವಾಯಿತು. ವಾರಿಜಾ ಕಣ್ಣೊರೆಸಿಕೊಂಡು ಮತ್ತೆ ತೋಳು ಚಾಚಿದಳು. "ತೀರಿಲ್ಲ" ಎಂದು ನನಗಷ್ಟೇ ಕೇಳುವಂತೆ ಹೇಳಿದಳು. "ಜಾಸ್ತಿ ಆಯ್ತು."

ಕಾಲಿನ ಊತ ಇಳಿಯಿತು, ಗಾಯ ಮಾಗಿತು. ಕೊನೆಯ ಸೂಜಿ ಹಾಕಿ, ಸಾಕಷ್ಟು ಹೊತ್ತು ಕಾದು, ಡಾಕ್ಟರು, "ಮುಗೀತು. ಇನ್ನು ಅಣ್ಣ ತಂಗಿ ಏನು ಬೇಕಾದ್ರೂ ಮಾತಾಡ್ಕೊಳಿ" ಎಂದರು. ಇವರು ತಾವೇ ಕೈ ಚಾಚಿ ಪರದೆ ಎಳೆದರು. ಬೆಂಚು ಖಾಲಿಯಿತ್ತು.

ನಾನು ಓಡಿದೆ. ವಾರಿಜಾ ಗೇಟಿನ ಹತ್ತಿರ ಸಿಕ್ಕಳು. "ಎಲ್ಲಿಗೆ ಹೊರಟೆ? ಅವ್ರು ಕಾಯ್ತಿದಾರೆ."

"ಮನೆಗೆ ಹೋಗ್ತೀನಿ ಅತ್ತಿಗೆ."

"ಇನ್ನೂ ಸಿಟ್ಟೇನೆ?"

"ಸಿಟ್ಟು ಎಲ್ಲಿಂದ ಬರ್ಬೇಕು?" ಎಂದಳು. "ನಾನು ಒಳಗೆ ಬಂದು ಅವನ ಜೊತೆ ಕೂತು ಊಟ ಮಾಡಿದ್ರೆ, ನಾಳೆ ಅವನಿಗೆ ತೋರೋರು ಯಾರು? ನಿಮ್ಮ ಕೈ ಅಂತೂ..." ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡಳು. "ಅಮ್ಮಂಗೆ ಸಮಯಕ್ಕೆ ಆಗ್ಲಿಲ್ಲ ನಾನು. ಇವನಿಗಾದ್ರೂ ಇರ್ತೀನಿ. ದೂರ ಇದ್ರೇ ತಾನೇ ತೋಳು ತೋರೋದು. ನಂಗೆ ಅಭ್ಯಾಸ ಆಗಿದೆ. ಗಿರಣಿ ಸದ್ದು ಕೇಳ್ಕೊಂಡು ಇದ್ದುಬಿಡ್ತೀನಿ."

ಅವಳು ನುಂಗಿದ ಮಾತು ನನಗೆ ನಾಟಿತು. ಆದರೂ ಅವಳ ಕೈ ಬಿಡಲಿಲ್ಲ. ಚೀಲದಿಂದ ಇವರ ಅಂಗಿಯೊಂದನ್ನು ತೆಗೆದು ಜೇಬನ್ನು ಒಳಹೊರಗು ಮಾಡಿ ಹಿಡಿದೆ. ಅಲ್ಲಿ ಕೆಂಪು ದಾರದಲ್ಲಿ, ಒಗೆದರೂ ಹೋಗದಂತೆ ಹೊಲಿದಿದ್ದೆ: ಇವರಿಗೆ ಡೈಕ್ಲೋಫೆನಾಕ್ ಕೊಡಬೇಡಿ, ಉಸಿರು ಕಟ್ಟುತ್ತದೆ.

ವಾರಿಜಾ ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟಿ ಓದಿದಳು. "ಎಲ್ಲಾ ಅಂಗಿಗೂ ಇದ್ಯಾ?"

"ಎಲ್ಲಾದಕ್ಕೂ. ಬನಿಯನ್ನಿಗೂ ಇದೆ. ನನ್ನ ತೋಳು ಹೇಳ್ದೇ ಇರೋದನ್ನ ಇದು ಹೇಳುತ್ತೆ. ಹೊಸ ಔಷಧಿ ಬಂದ್ರೆ ಡಾಕ್ಟ್ರ ಎದುರಿಗೇ ಕೂತು ತಗೋತಾರೆ, ಇವರ ಉಸಿರು ಕಾಯ್ಕೊಂಡು ನಾನು ಕೂತಿರ್ತೀನಿ. ನೀನು ದೂರ ಇದ್ದು ಕಾಯ್ಬೇಕಾಗಿಲ್ಲ ಕಣೆ. ಬಾ ಒಳಗೆ."

ಅವಳು ಅಂಗಿಯನ್ನು ಎದೆಗೊತ್ತಿಕೊಂಡು ಅಲ್ಲೇ ಅತ್ತಳು. ಆಮೇಲೆ ನನ್ನ ಹಿಂದೆ ಬಂದವಳು ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟಳು. ಇವರು ಮಂಚದ ಅಂಚಿಗೆ ಬಂದು ಕೂತಿದ್ದರು. "ಹೊಸ್ತಿಲಲ್ಲಿ ಯಾಕೆ ನಿಂತಿದೀಯೇ? ಒಳಗೆ ಬಾ" ಎಂದರು.

ಈಗ ವಾರಿಜಾ ಸಂಡಿಗೆಯ ಅಕ್ಕಿಯನ್ನು ನಮ್ಮ ಗಿರಣಿಗೇ ತರುತ್ತಾಳೆ. ಅಣ್ಣನ ಜೊತೆ ಹಿಟ್ಟು ನುಣ್ಣಗಾಗಲಿಲ್ಲವೆಂದು ಜಗಳವಾಡುತ್ತಾಳೆ. ಮೊನ್ನೆ, ನಾನು ಆಮೇಲೆ ಹೊಲಿದುಕೊಟ್ಟಿದ್ದ ಆ ನೀಲಿ ಬ್ಲೌಸನ್ನು ತಂದು, "ಈ ಸೆಕೇಲಿ ಯಾರು ಹಾಕ್ಕೊಳ್ತಾರೆ? ಕೈ ಚಿಕ್ಕದು ಮಾಡ್ಕೊಡಿ ಅತ್ತಿಗೆ" ಎಂದಳು. ಮೊಣಕೈ ಮೇಲಕ್ಕೆ ಗುರುತು ಹಾಕಿ ಕತ್ತರಿಸಿದೆ. ಅವಳ ತೋಳಿನ ಗಾಯಗಳೆಲ್ಲ ಮಾಯವಾಗಿವೆ. ಇನ್ನು ಅವಳದು ತೋರುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಹತ್ತಿರ ಇರುವವರಿಗೆ ಯಾರೂ ಹಂಬಲಿಸುವುದಿಲ್ಲ, ಅದು ಪ್ರೀತಿಯ ಕೊರತೆಯಲ್ಲ ಎಂದು ಡಾಕ್ಟರು ನನಗೆ ಸಮಾಧಾನ ಹೇಳಿದ್ದಾರೆ. ಇರಬಹುದು. ದಿನಾ ಬೆಳಿಗ್ಗೆ ಇವರು ಗಿರಣಿಗೆ ಹೊರಡುವಾಗ ಜೇಬಿನೊಳಗೆ ಬೆರಳು ಹಾಕಿ ಕೆಂಪು ದಾರ ಗಟ್ಟಿಯಾಗಿದೆಯೇ ನೋಡುತ್ತೇನೆ. ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ನಿಂತಿರುತ್ತೇನೆ. ಆಮೇಲೆ ಒಳಗೆ ಬಂದು, ಯಾರೂ ಇಲ್ಲದಾಗ, ಸೆರಗು ಸರಿಸಿ ನನ್ನ ತೋಳನ್ನೊಮ್ಮೆ ನೋಡಿಕೊಳ್ಳುತ್ತೇನೆ.